ಅಪ್ಪನ ಕಡ್ಡಿಪೆಟ್ಟಿಗೆ

ಕಳೆದ ತಿಂಗಳು ಇಲ್ಲಿ ಪುಣೆಯಲ್ಲಿ ಕನ್ನಡಿಗರ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಭಾಷಣಗಳೆಲ್ಲ ಮುಗಿದು, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಲ್ಲಲೊಂದು ಮೂಲೆ ಹುಡುಕುತ್ತಿದ್ದಾಗ ಹಿರಿಯರೊಬ್ಬರು ಹತ್ತಿರ ಬಂದರು. "ನೀವು ಶನಿವಾರ ಪೇಟೆಯ ಖಣದ ಅಂಗಡಿಯವರ ಮಗ ಅಲ್ಲವೇ? ನಿಮ್ಮ ತಂದೆಯವರನ್ನು ಮರೆಯೋದುಂಟೇ! ಗಿರಾಕಿ ಎದುರಿಗೇ ಕಡ್ಡಿ ಗೀರಿ, ರೇಷ್ಮೆ ಎಳೆ ಸುಟ್ಟು ತೋರಿಸೋರು. ಈಗ ಅಂಥ ವ್ಯಾಪಾರಸ್ಥರು ಎಲ್ಲಿದ್ದಾರೆ ಹೇಳಿ?" ಎಂದರು. ನಾನು ನಕ್ಕು ಉಪ್ಪಿಟ್ಟು ತಿಂದೆ. ಬೇರೇನು ಮಾಡಲಿ?

ಮನೆಗೆ ವಾಪಸ್ಸು ಬರುವಾಗ ಗಾಡಿಯಲ್ಲಿ ಮಗಳು ಕೇಳಿದಳು, "ಅಪ್ಪಾ, ಆ ಕಡ್ಡಿ ಗೀರೋದು ನಮ್ಮ ಮನೆಯ ಪರಂಪರೆ ಅಲ್ವಾ? ಮುತ್ಯಾನ ಕಾಲದಿಂದಲೂ ಇತ್ತಾ?" ಸಿಗ್ನಲ್ ಹಸಿರಾಯಿತು. ಉತ್ತರ ಕೊಡದೆ ಗಾಡಿ ಓಡಿಸಿದೆ.

ಮುತ್ಯಾನ ಕಾಲದಿಂದ ಇರಲಿಲ್ಲ. ಮುತ್ಯಾ ತನ್ನ ಅಂಗಡಿಯಲ್ಲಿ ದೇವರ ದೀಪಕ್ಕೆ ಬಿಟ್ಟರೆ ಎಂದೂ ಕಡ್ಡಿ ಗೀರಿದವನಲ್ಲ. ಆ ಕಡ್ಡಿಪೆಟ್ಟಿಗೆ ನಮ್ಮ ಗಲ್ಲೆಯ ಮೇಲೆ ಬಂದು ಕೂತದ್ದು 1994ರಲ್ಲಿ, ನನ್ನ ಕಾರಣದಿಂದ. ಇದನ್ನು ಹೆಂಡತಿಗೂ ಪೂರ್ತಿ ಹೇಳಿಲ್ಲ. ಇವತ್ತು ಬರೆದುಬಿಡೋಣ ಅನ್ನಿಸಿದೆ.

ಮೊದಲು ಅಂಗಡಿಯ ಕತೆ. ನನ್ನ ಅಜ್ಜ (ನಮ್ಮ ಕಡೆ ಮುತ್ಯಾ ಅನ್ನುತ್ತೇವೆ) ಗುಳೇದಗುಡ್ಡದಿಂದ ಪುಣೆಗೆ ಬಂದದ್ದು 1948ರಲ್ಲಿ. ಗುಳೇದಗುಡ್ಡ ರೋಡ್ ಸ್ಟೇಶನ್ನಿನಲ್ಲಿ ಮೀಟರ್ ಗೇಜ್ ರೈಲು ಹತ್ತಿ ಸೊಲ್ಲಾಪುರದ ಕಡೆ ಬಂದು, ಅಲ್ಲಿ ದೊಡ್ಡ ರೈಲಿಗೆ ಬದಲಾಯಿಸಿ, ಖಣದ ಗಂಟನ್ನು ಹೆಗಲ ಮೇಲಿಂದ ಇಳಿಸದೆ ಬಂದಿದ್ದನಂತೆ. ಆಗ ನಮ್ಮ ಬಿಜಾಪುರ ಜಿಲ್ಲೆ, ಈ ಪುಣೆ ಎರಡೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಹಾಗಾಗಿ ಅವನು ಪರರಾಜ್ಯಕ್ಕೇನೂ ಬಂದಿರಲಿಲ್ಲ. 1956ರ ನವೆಂಬರ್ 1ಕ್ಕೆ ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಮುತ್ಯಾನಿಗೆ ಅದರ ಬಿಸಿ ತಟ್ಟಿದ್ದು ಊರಿಗೆ ಕಳಿಸುವ ಪಾರ್ಸಲ್ಲಿನ ಮೇಲೆ ವಿಳಾಸ ಬರೆಯುವಾಗ ಮಾತ್ರ.

ಪುಣೆಗೇ ಯಾಕೆ ಅಂದರೆ, ಖಣ ನೇಯುವವರು ಗುಳೇದಗುಡ್ಡದಲ್ಲಿದ್ದರೂ ಖಣ ತೊಡುವವರು ಬಹಳಷ್ಟು ಮಂದಿ ಮಹಾರಾಷ್ಟ್ರದಲ್ಲಿದ್ದರು. ರೇಷ್ಮೆ, ಹತ್ತಿ ಎರಡೂ ಸೇರಿ ಮಗ್ಗದ ಮೇಲೆ ತಯಾರಾಗುವ ಕುಪ್ಪಸದ ಬಟ್ಟೆ ಅದು. ಮೈತುಂಬ ಸಣ್ಣ ಸಣ್ಣ ಬುಟ್ಟಾ, ತೇರು, ಸೂಜಿಮಲ್ಲಿಗೆ. ಎರಡೂ ಅಂಚಿಗೆ ದಡಿ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಖಣ, ಕಾಯಿ, ಅಕ್ಕಿ ಇಡುವ ಹಾಗೆ ಇಲ್ಲಿಯೂ 'ಖಣ-ನಾರಳ' ಇಟ್ಟು ಓಟಿ ತುಂಬುತ್ತಾರೆ. ಅದೇ ಖಣ, ಅದೇ ತೆಂಗಿನಕಾಯಿ, ಉಡಿಯ ಹೆಸರು ಮಾತ್ರ ಬೇರೆ. ನವರಾತ್ರಿ ಬಂತೆಂದರೆ ಚತುಃಶೃಂಗಿಗೆ, ಜೋಗೇಶ್ವರಿಗೆ ಹೋಗುವ ಹೆಂಗಸರು ದಾರಿಯಲ್ಲಿ ನಮ್ಮ ಅಂಗಡಿ ಮೆಟ್ಟಿಲು ಹತ್ತುತ್ತಿದ್ದರು. ಖಣವನ್ನು ತ್ರಿಕೋನವಾಗಿ ಮಡಿಸಿ ಕೊಡಬೇಕು. ಆ ಮಡಿಕೆ ನನಗೆ ಅಕ್ಷರ ಬರುವ ಮೊದಲೇ ಬರುತ್ತಿತ್ತು. ಖಣದ ಜೊತೆಗೆ ಇಳಕಲ್ಲ ಸೀರೆ. ಮರಾಠಿಯವರು 'ಇರಕಲ್' ಅನ್ನುತ್ತಾರೆ. ಎರಡೂ ಊರು ನಮ್ಮ ಕಡೆಯವೇ, ಹಾಗಾಗಿ ಒಂದರ ಹಿಂದೆ ಇನ್ನೊಂದು ಬಂತು.

ಅಂಗಡಿ ಇದ್ದದ್ದು ಓಂಕಾರೇಶ್ವರ ಗುಡಿಯ ಕಡೆ, ಮುಠಾ ನದಿಗೆ ಹತ್ತಿರ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆಯ ಪೇಟೆಗಳೊಳಗೆ ನೀರು ನುಗ್ಗಿದ್ದು ಹಳೆಯ ಪುಣೇಕರರಿಗೆ ಈಗಲೂ ಕಾಲ ಎಣಿಸುವ ಗುರುತು. ಪಾನಶೇತಿನ ಮೊದಲು, ಪಾನಶೇತಿನ ನಂತರ ಅಂತಲೇ ಮಾತಾಡುತ್ತಾರೆ. ನೀರು ಇಳಿದ ಮೇಲೆ ಮುತ್ಯಾ, ಅಪ್ಪ ಇಬ್ಬರೂ ಹೋಗಿ ಬಾಗಿಲು ತೆಗೆದರೆ ಅಟ್ಟದ ತನಕ ಕೆಸರು. ಮಾಲೆಲ್ಲ ನೆನೆದು ಮುದ್ದೆಯಾಗಿತ್ತು. ಒಂದೊಂದೇ ಹೊರತೆಗೆದು ತೊಳೆದು ಹಗ್ಗದ ಮೇಲೆ ಹರವಿದರು. ಅಪ್ಪನಿಗೆ ಆಗ ಹದಿನೇಳು. ಅವನು ಹೇಳುತ್ತಿದ್ದ: ನಿಜವಾದ ರೇಷ್ಮೆ ಬಣ್ಣ ಬಿಟ್ಟಿತ್ತು, ಹೊಳಪು ಕಳೆದುಕೊಂಡಿತ್ತು, ಆದರೆ ಕೈಗೆ ಗಟ್ಟಿಯಾಗಿ ಬಂತು. ಕೃತಕ ರೇಷ್ಮೆ ಹಿಂಡುವಾಗಲೇ ಬೆರಳ ಸಂದಿಯಲ್ಲಿ ಹರಿದು ಬಂತು. (ರೇಯಾನಿನ ಗುಣವೇ ಅದು. ಒದ್ದೆಯಾದಾಗ ಅದರ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದನ್ನು ನಾನು ಬಹಳ ವರ್ಷಗಳ ಮೇಲೆ ಪುಸ್ತಕದಲ್ಲಿ ಓದಿದೆ.)

ಒಣಗಿದ ಮಾಲನ್ನು ಮುತ್ಯಾ ಎರಡು ರಾಶಿ ಮಾಡಿ, ಮುಂದೆ ಒಂದು ಹಲಗೆ ಇಟ್ಟ. ಅದರ ಮೇಲೆ ಮರಾಠಿಯಲ್ಲಿ ಬರೆಸಿದ್ದು ಇಷ್ಟೇ, "ಪುರದ ನೀರಲ್ಲಿ ನೆನೆದ ಮಾಲು." ಪುರ ಅಂದರೆ ಇಲ್ಲಿ ಪ್ರವಾಹ. ಆ ದಿನಗಳಲ್ಲಿ ನೆನೆದ ಬಟ್ಟೆಗೆ ಇಸ್ತ್ರಿ ಹೊಡೆಸಿ ಹೊಸದೆಂದು ಬೇರೆ ಊರಿಗೆ ಸಾಗಿಸಿದವರೂ ಇದ್ದರು ಅಂತ ಅಪ್ಪ ಹೇಳುತ್ತಿದ್ದ. ಮುತ್ಯಾ ಕಾಲುಬೆಲೆಗೆ ಇಲ್ಲಿಯೇ ಕೂತು ಮಾರಿದ. ಕೊಂಡವರಲ್ಲಿ ಬಹಳ ಜನ ತಾವೂ ಮನೆ ಕಳೆದುಕೊಂಡವರೇ. ನಮ್ಮ ಅಂಗಡಿಗೆ ಹೆಸರು ಬಂದದ್ದು ಆ ಹಲಗೆಯಿಂದ. ಆಮೇಲಿನ ಮೂವತ್ತು ವರ್ಷ ಗಿರಾಕಿಗಳು ಬಂದು "ರೇಶೀಮ್ ದಾಖವಾ" ಅನ್ನುತ್ತಿದ್ದರು, ಮುತ್ಯಾನೋ ಅಪ್ಪನೋ ತೆಗೆದು ಹಾಸುತ್ತಿದ್ದರು, ಅಷ್ಟೇ. ಅಸಲಿಯೋ ನಕಲಿಯೋ ಎಂಬ ಮಾತೇ ಅಲ್ಲಿ ಬರುತ್ತಿರಲಿಲ್ಲ.

ರೇಷ್ಮೆ ಮಾರುವವರ ಮನೆಯ ಹೆಂಗಸರು ರೇಷ್ಮೆ ಉಡುತ್ತಿದ್ದರು ಅಂದುಕೊಂಡರೆ ಅದು ತಪ್ಪು. ನಮ್ಮವ್ವನ ಹತ್ತಿರ ಇದ್ದದ್ದು ಒಂದೇ, ಮದುವೆಯದ್ದು. ನಮಗೆ ಮಕ್ಕಳಿಗೆ ರೇಷ್ಮೆ ಅಂದರೆ ಕೆಲಸ. ಪ್ರತಿ ಅಮಾವಾಸ್ಯೆ ಅಂಗಡಿ ಅರ್ಧ ದಿನ ಮುಚ್ಚಿ ಮಡಿಕೆ ಬದಲಿಸಬೇಕು. ಒಂದೇ ಗೆರೆಯಲ್ಲಿ ಬಹಳ ದಿನ ಮಡಿಸಿಟ್ಟರೆ ರೇಷ್ಮೆ ಆ ಗೆರೆಯಲ್ಲೇ ಬಿರಿಯುತ್ತದೆ, ಜರಿಯಿದ್ದರಂತೂ ಕೇಳುವುದೇ ಬೇಡ. ಪ್ರತಿಯೊಂದನ್ನೂ ಬಿಚ್ಚಿ, ಗಾಳಿಗೆ ಹಿಡಿದು, ನಾಲ್ಕು ಬೆರಳು ಜರುಗಿಸಿ ಮತ್ತೆ ಮಡಿಸಿ, ಬಿಳಿ ಪಂಚೆಯಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನ ಎಲೆ. ನನ್ನ ತಮ್ಮ ಒಂದು ತುದಿ, ನಾನು ಒಂದು ತುದಿ. ಒಂಬತ್ತು ವಾರಿ ಸೀರೆ ಹಿಡಿದು ಅವನು ಅಂಗಡಿಯೊಳಗೆ, ನಾನು ಬೀದಿಯಲ್ಲಿ. ಹೊಸಲಿಗೆ ತಾಗಿದರೆ ಅಪ್ಪನ ಕಣ್ಣು.

ಇನ್ನೊಂದು ನೆನಪು ಬಂತು, ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಗಿರಾಕಿಯ ಜೊತೆ ಮರಾಠಿ, ನಾವು ನಾವು ಕನ್ನಡ. ಕಡೆಯ ಬೆಲೆ ಎಷ್ಟು ಅನ್ನೋದನ್ನು ಕನ್ನಡದಲ್ಲೇ ಮಾತಾಡಿಕೊಳ್ಳುವುದು, ಯಾರಿಗೂ ತಿಳಿಯದು ಅಂತ. ಒಮ್ಮೆ ನಥ್ ಹಾಕಿಕೊಂಡ ಅಪ್ಪಟ ಮರಾಠಿ ಆಜಿಯೊಬ್ಬಳು ಬಂದು ಇಳಕಲ್ಲ ಸೀರೆಗೆ ಚೌಕಾಶಿ ಮಾಡುತ್ತಿದ್ದಳು. ಮುತ್ಯಾ ಅಪ್ಪನಿಗೆ "ಇನ್ನ ಹತ್ತ ರೂಪಾಯಿ ಬಿಟ್ಟ ಕೊಡಪಾ, ಒಂಬತ್ತ ಸೀರಿ ಬಿಚ್ಚಿಸ್ಯಾಳ ಮುದುಕಿ, ಹೋದರ ಸಾಕು" ಅಂದ. ಆಜಿ ತಲೆಯೆತ್ತದೆ, "ಹದಿನೈದ ಬಿಡ್ರಿ, ಈಗ ಹೊಕ್ಕೀನಿ" ಅಂದಳು! ಸೊಲ್ಲಾಪುರದ ತವರು ಅವಳದ್ದು. ಆ ಕಡೆಯವರಿಗೆ ಎರಡು ಭಾಷೆಯೂ ತಾಯಿಭಾಷೆಯೇ ಅನ್ನೋದು ಮುತ್ಯಾನಿಗೆ ಮರೆತುಹೋಗಿತ್ತು. ಹದಿನೈದೂ ಬಿಟ್ಟು, ಮೇಲೆ ಒಂದು ಖಣ ಕೊಟ್ಟು ಕಳಿಸಿದ.

ಇನ್ನು ನನ್ನ ವಿಷಯ. ಇಳಕಲ್ಲ ಸೀರೆ ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯ ಇಳಕಲ್ಲದಲ್ಲಿ ಒಡಲು ಹತ್ತಿಯದು. ರೇಷ್ಮೆ ಇರುವುದು ದಡಿಯಲ್ಲಿ ಮತ್ತು ಸೆರಗಿನಲ್ಲಿ. ಆ ಕೆಂಪು-ಬಿಳಿ ತೋಪತೆನಿ ಸೆರಗೇ ಸೀರೆಯ ಜೀವ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಇಷ್ಟು ಕಷ್ಟಪಟ್ಟು ಜೋಡಿಸುವ ಆ ಸೆರಗಿನಲ್ಲಿ ರೇಷ್ಮೆಯ ಬದಲು ಕೃತಕ ರೇಷ್ಮೆ ಹಾಕುವ ರೂಢಿ ಬಂತು. ಅದಕ್ಕೆ 'ಚಮಕಾ' ಅನ್ನುತ್ತಾರೆ. ಹೆಸರೇ ಹೇಳುವ ಹಾಗೆ ಹೊಸದರಲ್ಲಿ ರೇಷ್ಮೆಗಿಂತ ಜಾಸ್ತಿ ಮಿಂಚುತ್ತದೆ. ನೇಕಾರರನ್ನು ಬೈದು ಉಪಯೋಗವಿಲ್ಲ. ರೇಷ್ಮೆ ನೂಲಿನ ಬೆಲೆ ಏರುತ್ತಾ ಹೋದ ಹಾಗೆ, ಸೀರೆಗೆ ಅಷ್ಟು ಬೆಲೆ ಕೊಡುವವರು ಕಡಿಮೆಯಾದ ಹಾಗೆ ಅವರಾದರೂ ಏನು ಮಾಡಬೇಕು? ನಮ್ಮ ಅಂಗಡಿಯಲ್ಲೂ ಚಮಕಾ ಇತ್ತು. ಬೇರೆ ಕಪಾಟು. ಅಪ್ಪ ಅದನ್ನು ತೆಗೆಯುವ ಮೊದಲೇ "ಹೇ ಚಮಕಾ ಆಹೇ" ಅನ್ನುತ್ತಿದ್ದ.

1994ರ ಮೇ ತಿಂಗಳು. ಮುತ್ಯಾ ಹೋಗಿ ಮೂರು ವರ್ಷವಾಗಿತ್ತು. ಊರಲ್ಲಿ ನಮ್ಮ ಅತ್ತಿಯ ಗಂಡ ತೀರಿಕೊಂಡರೆಂದು ಅಪ್ಪ ಗುಳೇದಗುಡ್ಡಕ್ಕೆ ಹೋಗಿದ್ದ. ನನಗೆ ಇಪ್ಪತ್ತಮೂರು. ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕೂರುತ್ತಿದ್ದೆ. ಲಗ್ನಸರಾಯಿ, ಉಸಿರಾಡಲು ಬಿಡುವಿಲ್ಲ. ಸಂಜೆ ಸದಾಶಿವ ಪೇಟೆಯ ಒಬ್ಬ ಕಾಕೂ ಬಂದರು. ಅವರ ಅತ್ತೆಯ ಕಾಲದಿಂದ ನಮ್ಮ ಗಿರಾಕಿ. ಮಗಳ ಮದುವೆ, ರೇಷ್ಮೆ ಸೆರಗಿನ ಇರಕಲ್ ಬೇಕು, ಹಸಿರು ಒಡಲು ಎಂದರು. ಹಸಿರಿನಲ್ಲಿ ರೇಷ್ಮೆ ಸೆರಗು ಹಿಂದಿನ ದಿನವೇ ಖಾಲಿಯಾಗಿತ್ತು. ಚಮಕಾದಲ್ಲಿ ಒಂದಿತ್ತು, ಅಚ್ಚ ಹಸಿರು. ಅದನ್ನೇ ತೆಗೆದು ಅವರ ಮುಂದೆ ಹಾಸಿದೆ.

ಯಾಕೆ ಹಾಸಿದೆ ಅಂತ ಬಹಳ ಸಲ ಕೇಳಿಕೊಂಡಿದ್ದೇನೆ. ನಾನೂರು ರೂಪಾಯಿಯ ವ್ಯತ್ಯಾಸ. ಅಪ್ಪ ಬಂದಾಗ ಆ ವಾರದ ಗಲ್ಲೆ ನೋಡಿ ಮಗ ಗಟ್ಟಿಗ ಅನ್ನಲಿ ಅನ್ನೋ ಆಸೆ. ಇವರಿಗೇನು ತಿಳಿಯುತ್ತದೆ ಅನ್ನೋ ಸೊಕ್ಕೂ ಇತ್ತು.

ಕಾಕೂ ಸೆರಗನ್ನು ಕೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸಿದರು. ಸ್ವಲ್ಪ ನಿಂತು, "ಜರಾ ವೇಗಳಾ ವಾಟತೋಯ್" ಎಂದರು. ಯಾಕೋ ಬೇರೆ ಥರ ಇದೆಯಲ್ಲ ಅಂತ. "ನವಾ ಮಾಲ್ ಆಹೇ, ಕಾಕೂ" ಎಂದೆ. ಹೊಸ ಮಾಲು. ಅದೇನೂ ಸುಳ್ಳಲ್ಲ ನೋಡಿ, ಮಾಲು ಹೊಸದೇ! ಅವರು ಸರಿ ಎಂದು ದುಡ್ಡು ಎಣಿಸಿದರು. ರಸೀದಿಯಲ್ಲಿ 'ರೇಶಮಿ ಪದರ್' ಅಂತ ನನ್ನ ಕೈಯಾರೆ ಬರೆದೆ.

ಅಪ್ಪ ಬಂದ, ಲೆಕ್ಕ ನೋಡಿದ, ಚೆನ್ನಾಗಿದೆ ಅಂದ. ಮಳೆಗಾಲ ಹೋಯಿತು. ನವರಾತ್ರಿಯ ನಾಲ್ಕು ದಿನ ಮೊದಲು ಕಾಕೂ ಒಂದು ಕೈಚೀಲ ಹಿಡಿದು ಬಂದರು. ಅಂಗಡಿಯಲ್ಲಿ ಆರೇಳು ಜನ ಗಿರಾಕಿಗಳು. ಅವರೆಲ್ಲ ಹೋಗುವವರೆಗೂ ಬೆಂಚಿನ ಮೇಲೆ ಕೂತಿದ್ದರು. ಆಮೇಲೆ ಸೀರೆ ತೆಗೆದು ಗಲ್ಲೆಯ ಮೇಲಿಟ್ಟರು. ಒಮ್ಮೆ ಒಗೆದಿದ್ದರು. ಒಡಲು ಹಾಗೇ ಇತ್ತು. ಸೆರಗು ಮಾತ್ರ ಮುದುಡಿ, ಹೊಳಪು ಹೋಗಿ, ಒಂದು ಕಡೆ ಜುಂಗು ಎದ್ದಿತ್ತು. ರಸೀದಿ ಅದರ ಮಡಿಕೆಯಲ್ಲೇ ಇತ್ತು.

ಅಪ್ಪ ಸೆರಗನ್ನು ಮುಟ್ಟಿದ. ರಸೀದಿಯ ಅಕ್ಷರ ನೋಡಿದ. ನನ್ನ ಕಡೆ ನೋಡಲಿಲ್ಲ.

ಕಾಕೂ ಜಗಳವಾಡಲಿಲ್ಲ. ಅವರು ಹೇಳಿದ್ದನ್ನು ಮರಾಠಿಯಲ್ಲೇ ಬರೆಯುತ್ತೇನೆ, "ಹಾತಾಲಾ ಕಳಲಂ ಹೋತಂ. ಪಣ್ ದುಕಾನ್ ತುಮಚಂ ಹೋತಂ." ಕೈಗೆ ಆಗಲೇ ತಿಳಿದಿತ್ತು, ಆದರೆ ಅಂಗಡಿ ನಿಮ್ಮದಾಗಿತ್ತಲ್ಲ!

ಅಪ್ಪ ಪೂರ್ತಿ ದುಡ್ಡು ತೆಗೆದು ಎರಡೂ ಕೈಯಿಂದ ಕೊಟ್ಟ. ಬೇರೆ ಸೀರೆ, ನಿಜವಾದ ರೇಷ್ಮೆ ಸೆರಗಿನದು, ತೆಗೆದುಕೊಂಡು ಹೋಗಿ ಎಂದ. ಅವರು ದುಡ್ಡು ಮಾತ್ರ ತೆಗೆದುಕೊಂಡರು. ಮದುವೆ ಆಗಿಹೋಯಿತಲ್ಲ ಎಂದರು. ಮತ್ತೆ ಅವರು ನಮ್ಮ ಅಂಗಡಿಗೆ ಬರಲಿಲ್ಲ. ದಾರಿಯಲ್ಲಿ ಕಂಡರೆ ನಾನೇ ಓಣಿ ಬದಲಿಸುತ್ತಿದ್ದೆ.

ಅಪ್ಪ ಬಯ್ಯುತ್ತಾನೆ, ಒಂದೇಟು ಹೊಡೆಯುತ್ತಾನೆ ಅಂತ ಕಾದೆ. ಏನೂ ಅನ್ನಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವ್ವನಿಗೆ "ನಾಳಿಂದ ಒಂದ ಕಡ್ಡಿಪೆಟ್ಟಿಗಿ ಅಂಗಡಿಗೆ ಕೊಡ" ಅಂದ. ಅವ್ವ, "ಯಾಕ, ಅಲ್ಲೆ ದೀಪದ ಹತ್ರ ಐತೆಲ್ಲ?" ಅಂದಳು. "ಅದ ದೇವರಿಗಿ ಆತು. ಗಿರಾಕಿಗಿ ಬ್ಯಾರೆ ಬೇಕು."

ಮಾರನೆಯ ದಿನದಿಂದ ಶುರುವಾಯಿತು. ಯಾರು ಬಂದು ರೇಷ್ಮೆ ಕೇಳಿದರೂ ಅಪ್ಪ ಮೊದಲು ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಡುತ್ತಿದ್ದ. ರೇಷ್ಮೆ ನಿಧಾನ ಉರಿದು, ಬೆಂಕಿ ದೂರ ಸರಿಸಿದರೆ ತಾನೇ ನಂದುತ್ತದೆ. ಕೂದಲು ಸುಟ್ಟ ವಾಸನೆ. ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿ. ಚಮಕಾ ಭಗ್ಗನೆ ಉರಿದು ಕಾಗದದ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ ಗಟ್ಟಿ ಮಣಿಯಾಗುತ್ತದೆ. ಹಳೆಯ ಗಿರಾಕಿಗಳಿಗೆ ಇದು ವಿಚಿತ್ರವೆನಿಸಿತು. "ಅಹೋ, ನಾವು ಕೇಳಿದೆವಾ?" ಅನ್ನುತ್ತಿದ್ದರು. "ಕೇಳದಿದ್ದರೂ ನೋಡಿ" ಅನ್ನುತ್ತಿದ್ದ. ಹೊಸಬರಿಗೆ ಬಹಳ ಹಿಡಿಸಿತು. ಅಂಗಡಿಗೆ ಎರಡನೆಯ ಸಲ ಹೆಸರು ಬಂತು. ಜನ ಹುಡುಕಿಕೊಂಡು ಬರತೊಡಗಿದರು. ಪ್ರತಿ ಸಲ ಕಡ್ಡಿ ಗೀರಿದಾಗಲೂ ನಾನು ಕಪಾಟಿನ ಕಡೆ ತಿರುಗಿ ಏನೋ ಹುಡುಕುತ್ತಿದ್ದೆ.

ಮರುವರ್ಷ ನನಗೆ ಪಿಂಪ್ರಿಯ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಂಗಡಿ ಬಿಟ್ಟದ್ದು ಈ ಕಾರಣಕ್ಕೇ ಅಂದರೆ ನಾಟಕವಾಗುತ್ತದೆ. ಅಲ್ಲಿ ಎರಡು ಸಂಸಾರ ನಡೆಯುವಷ್ಟು ವ್ಯಾಪಾರ ಇರಲಿಲ್ಲ, ತಮ್ಮನಿಗೆ ಓದು ಹತ್ತಿರಲಿಲ್ಲ. ಆದರೆ ಹೋಗುತ್ತೇನೆ ಅಂದಾಗ ಅಪ್ಪ ಒಂದೇ ಸಲಕ್ಕೆ ಹೂಂ ಅಂದ.

2004ರಲ್ಲಿ ಸಿಲ್ಕ್ ಮಾರ್ಕ್ ಬಂತು. ಕೇಂದ್ರ ರೇಷ್ಮೆ ಮಂಡಳಿಯ ಕಡೆಯಿಂದ ಅಸಲಿ ರೇಷ್ಮೆಗೆ ಅಂಟಿಸುವ ಚೀಟಿ. ನಾನು ಭಾನುವಾರ ಹೋದಾಗ ಅಪ್ಪನಿಗೆ ಪೇಪರ್ ಓದಿ ಹೇಳಿದೆ. ಅಪ್ಪ ಕೇಳಿಸಿಕೊಂಡು, "ಹಂಗಾರ ಸರಕಾರಕ್ಕೂ ಯಾರೋ ಹೊಸಾ ಮಾಲ ಐತಿ ಅಂತ ಹೇಳಿರಬೇಕು" ಅಂದ. ಹತ್ತು ವರ್ಷದಲ್ಲಿ ಆ ವಿಷಯ ಅವನ ಬಾಯಿಂದ ಬಂದದ್ದು ಅದೇ ಮೊದಲು. ನಕ್ಕನೋ ಇಲ್ಲವೋ ಅಂತ ನನಗೆ ಈಗಲೂ ಸರಿಯಾಗಿ ನೆನಪಿಲ್ಲ. ನಾನಂತೂ ನಗಲಿಲ್ಲ.

ಅಪ್ಪ 2012ರಲ್ಲಿ ತೀರಿಕೊಂಡ. ಅಂಗಡಿ ಈಗ ತಮ್ಮನದು. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಮುಚ್ಚಿ, ತೆಗೆದಾಗ ಮೊದಲು ಮಾಡಿದ ಕೆಲಸ ಮಡಿಕೆ ಬದಲಿಸಿದ್ದು. ಕೆಲವು ಹಳೆಯ ಸೀರೆ ಗೆರೆಯಲ್ಲೇ ಬಿರಿದಿದ್ದವು. ಈಗ ಖಣಕ್ಕೆ ಮತ್ತೆ ಕಾಲ ಬಂದಿದೆ, ಆದರೆ ಕುಪ್ಪಸವಾಗಿ ಅಲ್ಲ. ಖಣದ ಸೀರೆ, ಖಣದ ಪರ್ಸು, ಖಣದ ಆಕಾಶಬುಟ್ಟಿ, ಗಂಡಸರಿಗೆ ಖಣದ ಜಾಕೀಟು ಕೂಡ! ಮಹಾರಾಷ್ಟ್ರದ ಹುಡುಗಿಯರೆಲ್ಲ ಗಣಪತಿ ಹಬ್ಬಕ್ಕೆ ಖಣದ ಸೀರೆ ಉಡುತ್ತಾರೆ. ಅದರಲ್ಲಿ ಬಹುಪಾಲು ಪವರ್‌ಲೂಮಿನದು, ರೇಷ್ಮೆಯ ಎಳೆಯೂ ಇಲ್ಲ. ತಮ್ಮ ಅದನ್ನೂ ಇಟ್ಟಿದ್ದಾನೆ, ಇಡದಿದ್ದರೆ ಬಾಡಿಗೆ ಹುಟ್ಟುವುದಿಲ್ಲ. 'ಸೆಮಿ ಸಿಲ್ಕ್' ಅನ್ನುತ್ತಾನೆ. ಅರ್ಧ ರೇಷ್ಮೆ ಅಂದರೆ ಯಾವ ಅರ್ಧ ಅಂತ ಕೇಳಬೇಕೆನಿಸುತ್ತದೆ. ಆದರೆ ನಾನು ಯಾವ ಬಾಯಿಂದ ಕೇಳಲಿ? ಗುಳೇದಗುಡ್ಡದಲ್ಲಿ ಈಗಲೂ ಕೈಮಗ್ಗದಲ್ಲಿ ನೇಯುವವರಿದ್ದಾರೆ, ನಮ್ಮ ಓಣಿಯಲ್ಲಿ ಮೊದಲಿನಷ್ಟು ಮಗ್ಗದ ಸದ್ದು ಇಲ್ಲ ಅಷ್ಟೇ. ತಮ್ಮ ಅಲ್ಲಿಂದ ಸ್ವಲ್ಪ ತರಿಸುತ್ತಾನೆ. ಕೊಳ್ಳುವವರು ಅದರ ಬೆಲೆ ಕೇಳಿ ಪವರ್‌ಲೂಮಿನ ಕಡೆ ಕೈ ಚಾಚುತ್ತಾರೆ.

ಆ ಹಸಿರು ಸೀರೆಯ ವಿಷಯ ಹೇಳಬೇಕು. ಅಪ್ಪ ಅದನ್ನು ಯಾರಿಗೂ ಮಾರಲಿಲ್ಲ, ದಾನವೂ ಕೊಡಲಿಲ್ಲ. ಅವನು ಹೋದ ಮೇಲೆ ಕಪಾಟು ತೆಗೆದಾಗ ರೇಷ್ಮೆ ಸೀರೆಗಳ ಜೊತೆಯಲ್ಲೇ ಬಿಳಿ ಪಂಚೆಯಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ನಡುವೆ ಬೇವಿನ ಎಲೆ. ತಮ್ಮ ಹೇಳಿದ, "ಅದನ್ನೂ ಪ್ರತಿ ಅಮಾಸಿ ಮಡಚಿ ಇಡತಿದ್ದ. ಚಮಕಾಕ್ಕ ಯಾಕ ಬೇಕೋ ಅಪ್ಪಾ ಅಂದರ ಸುಮ್ಮನ ಹಿಡಿ ಅಂತಿದ್ದ." ರಸೀದಿ ಇರಲಿಲ್ಲ. ಸೀರೆ ನಮ್ಮ ಮನೆಗೆ ತಂದೆ. ಈಗ ನನ್ನ ಹೆಂಡತಿಯ ಸೀರೆಗಳ ಕೆಳಗಿದೆ.

ಹೋದ ಅಮಾವಾಸ್ಯೆಗೆ ಮಗಳನ್ನು ಕರೆದೆ. ಅವಳು ಒಂದು ತುದಿ, ನಾನು ಒಂದು ತುದಿ. ಫ್ಲ್ಯಾಟಿನಲ್ಲಿ ಒಂಬತ್ತು ವಾರಿ ಬಿಚ್ಚಲು ಜಾಗವೆಲ್ಲಿ, ಅವಳು ಹಾಲಿನಲ್ಲಿ, ನಾನು ಅಡುಗೆಮನೆಯ ಬಾಗಿಲಲ್ಲಿ. ಅವಳು ಸೆರಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು.

"ಇದು ಯಾವುದು ಅಪ್ಪಾ? ಪ್ಯೂರ್ ಸಿಲ್ಕಾ?"

"ಅಲ್ಲ, ಚಮಕಾ" ಅಂದೆ. "ಬಾ, ಕೂತುಕೊ."